ಒಂಬತ್ತರ ಮುಳ್ಳು

ಆಟೋ ಕಾಂಪ್ಲೆಕ್ಸಿನಲ್ಲಿ ಸಂಜೆ
ವೆಲ್ಡಿಂಗಿನ ನೀಲಿ ಬೆಳಕು ಆರಿದ ಮೇಲೂ
ಉಳಿಯುವುದು ವಾಸನೆ. ನಾನು ಮೊದಲು ಓದುವುದೇ ಅದನ್ನು.
ಈ ಕಾಂಟೆಸ್ಸಾದ ಬಾನೆಟ್ ಎತ್ತುವ ಮೊದಲೇ ಹೇಳಿದ್ದೆ:
ಕುಡಿಯಲಾರದಷ್ಟು ಕುಡಿಸುತ್ತಿದ್ದೇವೆ ಇದಕ್ಕೆ.

ಒಡತಿ ನುಸ್ರತ್ ಮೇಡಂ, ಕಾಲೇಜಿನಲ್ಲಿ ಗಣಿತ.
ಭಾನುವಾರ ನಸುಕಿಗೆ ಸಾಗರ ರಸ್ತೆಯಲ್ಲಿ
ಹೊಸ ಕಾರುಗಳಿಗೆ ಹಿಂಬದಿಯ ದೀಪ ತೋರಿಸುವುದು
ಅವರ ಇನ್ನೊಂದು ವಿಷಯ.
ಎರಡು ಗಂಟಲಿನ ಕಾರ್ಬ್ಯುರೇಟರ್,
ಕೊಯಮತ್ತೂರಿನಲ್ಲಿ ಉಜ್ಜಿಸಿದ ಕ್ಯಾಮ್,
ಡಿಕ್ಕಿಯ ಕೆಳಗೆ ಸಿಟ್ಟಾದ ಜೇನಿನಂತೆ ಗುಂಯ್‌ಗುಡುವ ಪಂಪು.

ಬಂದ್ ಮಾಡಿದ ಮೇಲೂ ಒಳಗೆ ತೊಟ್ಟು, ತೊಟ್ಟು.
ಪ್ಲಗ್ಗುಗಳ ಮೇಲೆ ಹಣತೆಯ ಕಾಡಿಗೆ.
ಆಯಿಲ್ ಕಡ್ಡಿ ಮೂಸಿದರೆ ಪೆಟ್ರೋಲು.

ಫ್ಲೋಟ್ ಕೂರಿಸಿದವನು ಚೌಡ.
ಹೊಳೆಹೊನ್ನೂರಿನವನು, ಐಟಿಐ ಮುಗಿಸಿ ವರ್ಷವಾಗಿಲ್ಲ.
‘ಕೈಗೆ ಕಣ್ಣಿಲ್ವೇನೋ’ ಅಂದೆ.
ಅಲ್ಲಿಗೇ ನಿಲ್ಲಿಸಬಹುದಿತ್ತು.
ಟೈರಿನವರು, ಪೇಂಟಿನವರು, ಚಹಾದ ಹುಡುಗ ಕೇಳುವಂತೆ
ಅವನಪ್ಪನ ಕುಡಿತವನ್ನೂ ಎಳೆದು ತಂದೆ.
ಅವನು ಹನ್ನೆರಡರ ಸ್ಪ್ಯಾನರ್ ಒರೆಸಿದ.
ಒರೆಸಿದ್ದನ್ನೇ ಮತ್ತೆ ಒರೆಸಿದ.

ರಾತ್ರಿ ಒಬ್ಬನೇ ಮುಚ್ಚಳ ಬಿಚ್ಚಿ
ಡ್ರಿಲ್ ಬಿಟ್ಟಿನ ಬಾಲ ತೂರಿಸಿ ಅಳೆದೆ.
ಫ್ಲೋಟಿನ ಎತ್ತರ ಕೂದಲಷ್ಟೂ ತಪ್ಪಿಲ್ಲ.
ಸೂಜಿಯೂ ನೆಟ್ಟಗಿದೆ, ಅದರ ಪೀಠವೂ.
ಪಾಪ, ಬಾಗಿಲು ಗಟ್ಟಿಯೇ;
ನೂಕುವವರ ಬಲ ಹೆಚ್ಚಾಗಿದೆ.

ಬೆಳಿಗ್ಗೆ ಗೇಜು ಹಾಕಿದೆ: ಒಂಬತ್ತು ಪಿಎಸ್ಐ.
(ಪಿಎಸ್ಐ ಅಂದರೆ ಚಹಾದ ಹುಡುಗನಿಗೆ
ದೊಡ್ಡಪೇಟೆ ಠಾಣೆಯ ಸಾಹೇಬರು.
‘ಒಂಬತ್ತು ಜನ ಯಾಕೆ ಬಂದ್ರು?’ ಅಂದ.)
ಬೇಕಾದದ್ದು ಮೂರೂವರೆ.
ಗೇಜೂ ಸುಳ್ಳು ಹೇಳುತ್ತದೆ, ಎಂಜಿನ್ ಕಾದಾಗಂತೂ.
ಪಕ್ಕದ ಡೀಸೆಲ್ ಅಂಗಡಿಯ ಗೇಜು ಕಡ ತಂದು
ತಣ್ಣಗಿರುವಾಗಲೇ ನೋಡಿದೆ.
ಅದೂ ಒಂಬತ್ತೇ ಅಂದಿತು.
ರೆಗ್ಯುಲೇಟರಿನ ಸ್ಕ್ರೂ ಪೂರ್ತಿ ಸಡಿಲಿಸಿದೆ.
ಮುಳ್ಳು ಅಲ್ಲಾಡಲಿಲ್ಲ,
ಹಟ ಹಿಡಿದ ಮಗುವಿನ ಮುಖದ ಹಾಗೆ.

‘ವಾಪಸ್ ಹೋಗೋ ಪೈಪು ಊದಿ ನೋಡ್ಲಾ?’
ಎರಡು ದಿನದಲ್ಲಿ ಚೌಡನ ಮೊದಲ ಮಾತು.
ನನ್ನ ಕಡೆ ತಿರುಗಿ ಆಡಿದ್ದಲ್ಲ, ಕಾರಿಗೆ ಆಡಿದ್ದು.
ತುದಿ ಬಿಚ್ಚಿ ಬಾಯಿಗಿಟ್ಟ. ಕೆನ್ನೆ ಉಬ್ಬಿತು,
ಕತ್ತಿನ ನರ ಉಬ್ಬಿತು,
ಟ್ಯಾಂಕಿನೊಳಗೆ ಒಂದು ಗುಳ್ಳೆಯೂ ಏಳಲಿಲ್ಲ.

ಕ್ಲಚ್ ಕೇಬಲ್ಲಿನ ತಂತಿ ತೂರಿಸಿ ಕೆದಕಿದೆವು.
ಬಂತು: ಬೆರಳುದ್ದ ಕೆಮ್ಮಣ್ಣು, ಒಣಗಿ ಇಟ್ಟಿಗೆಯಾದದ್ದು,
ಒಳಗೆ ಜೇಡಗಳ ಕಾಲು,
ತೊಟ್ಟಿಲಂಥ ಸಣ್ಣದೊಂದು ಪೊರೆ.
ಕುಂಬಾರ ಹುಳು ಕಟ್ಟಿದ ಮನೆ.

ಬಣ್ಣಕ್ಕೆಂದು ಇಳಿಸಿದ ಟ್ಯಾಂಕು
ಇದೇ ಶೆಡ್ಡಿನ ಮೂಲೆಯಲ್ಲಿ ಮೂರು ತಿಂಗಳಿತ್ತು.
ಪೈಪಿನ ಬಾಯಿಗೆ ಬಟ್ಟೆ ತುರುಕದೆ ಬಿಟ್ಟವನು
ನಾನು.

ಹೆಚ್ಚಾದದ್ದು ಮರಳಲು ದಾರಿ ಸಿಕ್ಕಿತು.
ಒಂಬತ್ತು, ಆರು, ನಾಲ್ಕು, ಮೂರೂವರೆ.
ಮೇಡಂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು,
ಪಕ್ಕದಲ್ಲಿ ಕಾರಣ: ‘ಹುಳು.’
ನಾನು ತಿದ್ದಲಿಲ್ಲ.

ಪೆಟ್ರೋಲಿಗಾದರೆ ವಾಪಸ್ ಪೈಪಿದೆ.
ನಾಲಿಗೆಗೆ ಅದನ್ನು ಕೂರಿಸುವ ಮೇಸ್ತ್ರಿ
ಈ ಸಾಲಿನಲ್ಲಿ ಯಾರೂ ಇಲ್ಲ.
ಕೀಲಿಕೈ ಚಾಚಿದೆ: ‘ಟ್ರಯಲ್ ನೀನೇ ಹೊಡಿ.’
ಅವನು ಕೈಯನ್ನು ಪ್ಯಾಂಟಿಗೆ ಒರೆಸಿದ.
‘ಲೈಸೆನ್ಸ್ ಮನೇಲಿದೆ’ ಅಂದ.

ಮರುದಿನ ಬಂದಾಗ ಒಂದು ಹುಳು,
ಮುಂಗಾಲಲ್ಲಿ ಒದ್ದೆ ಮಣ್ಣಿನ ಉಂಡೆ,
ಕಾಂಟೆಸ್ಸಾದ ಹಿಂಬದಿ ಸುತ್ತುತ್ತಿತ್ತು,
ಕ್ಲಿಪ್ ಬಿಗಿದ ಬಾಯಿಯ ಮುಂದೆ ಹೋಗಿ, ಬಂದು.
ಚೌಡ ಹಳೆಯ ಹೋಸಿನ ಒಂದು ತುಂಡು ಕತ್ತರಿಸಿ
ಕಿಟಕಿಯ ಮೇಲಿಟ್ಟ.
‘ಇಲ್ಲಿ ಕಟ್ಕೋ’ ಅಂದ ಅದಕ್ಕೆ.
ಆಮೇಲೆ, ತಿರುಗದೆಯೇ, ನನಗೆ:
‘ಲೈಸೆನ್ಸ್ ತಂದಿದೀನಿ.’