ಮೂರನೇ ಪಂಪಿನ ರಾತ್ರಿಪಾಳಿ

ಸೆಮಾರಾಂಗಿನ ಬಡಗಣ ಅಂಚಿನಲ್ಲಿ
ಸಮುದ್ರ ನನ್ನ ಹೆಗಲಿಗಿಂತ ಎತ್ತರ.
ಏರಿಯ ಈಚೆ ಕುರ್ಚಿ ಹಾಕಿ ಕೂತರೆ
ಆಚೆ ಹೋಗುವ ದೋಣಿಯ ಎಂಜಿನ್ನು
ನೆತ್ತಿಯ ಮೇಲಿಂದ ಕೇಳುತ್ತದೆ.

ಮನೆಯ ನೆಲ ನಾಲ್ಕು ಸಲ ಏರಿಸಿದೆ.
ಮೊದಲು ಮಣ್ಣು, ಆಮೇಲೆ ಕೆಡವಿದ ಗೋಡೆಗಳ ಪುಡಿ,
ಮೂರನೆಯದು ಸಾಲ,
ನಾಲ್ಕನೆಯದು ಹೆಂಡತಿಯ ಬಳೆ.
ಮಾಡು ಮಾತ್ರ ಇದ್ದಲ್ಲೇ ಇದೆ.
ಕಿಟಕಿ ಈಗ ಮೊಣಕಾಲಿಗೆ,
ಬಾಗಿಲ ಮೇಲ್ಪಟ್ಟಿ ಹಣೆಗೆ.
ಸಾಲ ಕೊಟ್ಟವನೂ ನಮ್ಮಲ್ಲಿಗೆ
ತಲೆಬಾಗಿಯೇ ಬರಬೇಕು.

ನೆಲ ಯಾಕಪ್ಪಾ ಇಳಿಯುತ್ತದೆ, ಅಂದಳು ಮಗಳು.
ಅಡಿಯ ನೀರು ಕುಡಿದೆವು, ಅಂದೆ.
ನಾವು ಬಕೆಟ್ಟಿನಲ್ಲಿ,
ಹೋಟೆಲುಗಳು ಕೊಳವೆಯಲ್ಲಿ,
ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಹಗಲೂ ರಾತ್ರಿ.
ಮಲಗಿದವನ ಹಾಸಿಗೆಯಿಂದಲೇ ಹತ್ತಿ ಕೀಳುತ್ತ ಹೋದರೆ
ಬೆನ್ನಿಗೆ ಹಲಗೆ ತಗುಲದೆ ಇನ್ನೇನು?

ಆಮೇಲೆ ಏರಿ ಬಂತು.
ನಕ್ಷೆ ತಂದವರು ಪೋಲ್ಡರ್ ಅಂದರು,
ಆ ಹೆಸರು ಬಾಯಿಗೆ ಹತ್ತದ ಮುದುಕರು ಬಟ್ಟಲು ಅಂದರು.
ಸುತ್ತ ಏರಿ, ನಡುವೆ ಕೊಳ, ಮೂಲೆಯಲ್ಲಿ ಪಂಪು.
ಬಿದ್ದ ಮಳೆ ಕಾಲುವೆ ಹಿಡಿದು ಬಂದು
ಕೊಳದಲ್ಲಿ ಸರದಿ ಕಾಯಬೇಕು,
ಕಬ್ಬಿಣದ ಗಂಟಲು ಹತ್ತಿ ಕಡಲಿಗೆ ಹೋಗಬೇಕು.
ಹನಿಗೂಡಿದರೆ ಹಳ್ಳ, ಸರಿ.
ನಮ್ಮದು, ಹನಿ ಹನಿ ಆಚೆ ಹಾಕಿದರೆ ಊರು.

ಮೀನು ಒಣಗಿಸುವ ಕಸ್ಮಿನಾ
ತಿಂಗಳ ಮೊದಲ ವಾರ ಲೆಕ್ಕದ ಪುಸ್ತಕ ಹಿಡಿದು ಬರುತ್ತಾಳೆ.
ಡೀಸೆಲ್ಲಿಗಿಷ್ಟು, ಜಾಲರಿಗಿಷ್ಟು, ಏರಿಯ ಬಿಲ ಮುಚ್ಚಲು ಇಷ್ಟು.
ಪಕ್ಕದವನ ನೀರಿಗೆ ನಾನ್ಯಾಕೆ ಕೊಡಲಿ
ಅಂದ ಟೈರಂಗಡಿಯ ವಾರ್ಸಿದಿಗೆ
ನಿನ್ನ ಕಾಲಡಿಯದು ಯಾವ ಪಕ್ಕದ್ದು ತೋರಿಸು, ಅಂದಳು.
ಅವನು ನಿಜವಾಗಿ ಬಗ್ಗಿ ನೋಡಿದ.
ಕೊಟ್ಟ.

ನನಗೆ ಜಾಲರಿ ಬಳಿಯುವ ಕೆಲಸ.
ಅಂತರಗಂಗೆ, ಚಪ್ಪಲಿ, ನೆನೆದ ದಿಂಬು,
ಒಮ್ಮೆ ಮದುಮಕ್ಕಳ ಜೋಡಿ ಕುರ್ಚಿ,
ಬಂಗಾರದ ಬಣ್ಣ ಇನ್ನೂ ಬಿಟ್ಟಿರಲಿಲ್ಲ.
ಒಣಗಿಸಿ ಇಟ್ಟುಕೊಂಡಿದ್ದೇನೆ.
ನಾನು ಕೂತಿರುವುದು ಅದರಲ್ಲೇ.

ಏರಿಯ ಗೆರೆ ಎಳೆದವರು
ಮೂಡಣದ ಕಾಲುವೆಗೆ ಬಂದು ನಿಂತರು.
ದುಡ್ಡು ಅಲ್ಲಿಗೆ ಮುಗಿದಿತ್ತು.
ತಂಗಿ ಸುಲಾಸ್ತ್ರಿಯ ಮನೆ ಆಚೆ ದಡದಲ್ಲಿ.

ಹುಣ್ಣಿಮೆಯ ಉಬ್ಬರದ ರಾತ್ರಿ ಫೋನು ಬರುತ್ತದೆ.
ಅಣ್ಣಾ, ಇವತ್ತು ಎಷ್ಟು ಪಂಪು?

ಇಂಜಿನಿಯರನ್ನು ಕೇಳಿದ್ದೆ.
ಸಮುದ್ರ ಎಷ್ಟು ದೊಡ್ಡದು ಗೊತ್ತಾ, ಅಂದರು,
ನಿಮ್ಮ ಕೊಳ ಪೂರ್ತಿ ಸುರಿದರೂ
ಅದು ಕೂದಲೆಳೆಯಷ್ಟು ಏರದು.
ಕಾಗದದಲ್ಲಿ ಗುಣಿಸಿ ತೋರಿಸಿದರು. ಸರಿಯಾಗಿತ್ತು.
ಆದರೆ ತಂಗಿಯ ಅಡುಗೆಮನೆಗೆ ನುಗ್ಗುವ ನೀರಿನಲ್ಲಿ
ನಮ್ಮ ಬೀದಿಯ ಅಂತರಗಂಗೆ ತೇಲುತ್ತದಂತೆ.

ಎರಡು, ಅಂದೆ.
ಮೂರು ಓಡುತ್ತಿದ್ದವು.
ಮೂರನೆಯದಕ್ಕೆ ಕೆಮ್ಮಿದೆ,
ಬೇರಿಂಗು ಸವೆದು ಮುದುಕನಂತೆ ಕೆಮ್ಮುತ್ತದೆ,
ಫೋನಿನಲ್ಲಿ ಅವಳಿಗೆ ಕೇಳಿರಬೇಕು.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಅಲ್ಲಿಯ ನೀರಿನ ಸದ್ದು ನನಗೂ ಕೇಳಿತು,
ಯಾವುದೋ ಪಾತ್ರೆ ಗೋಡೆಗೆ ಬಡಿಯುತ್ತಿತ್ತು.
ಅಪ್ಪನ ಗೋರಿ ನಿಮ್ಮ ಕಡೆಗಿದೆಯಲ್ಲ, ಅಂದಳು.
ಓಡಿಸು.
ಊಟ ಆಯ್ತಾ?

ಬೆಳಗಿನ ಬಾಂಗಿಗೆ ಮುಂಚೆ
ಕೊಳದ ಅಳತೆಕೋಲು ನಾಲ್ಕು ಬೆರಳು ಇಳಿದಿದೆ.
ಪುಸ್ತಕದಲ್ಲಿ ಬರೆಯುತ್ತೇನೆ: ಪಂಪು ಮೂರು, ಗಂಟೆ ಏಳು.
ಇಲ್ಲಿ ಸುಳ್ಳು ಬರೆಯುವ ಹಾಗಿಲ್ಲ,
ಈ ಲೆಕ್ಕ ನೋಡಿಯೇ ನಾಳೆ ಡೀಸೆಲ್ ಬರುವುದು.

ಹೋದ ತಿಂಗಳು ಎರಡು ವಂತಿಗೆ ಕಟ್ಟಿದೆ,
ನನ್ನದೊಂದು, ಸುಲಾಸ್ತ್ರಿಯ ಹೆಸರಿಗೊಂದು.
ಕಸ್ಮಿನಾ ತಲೆ ಎತ್ತಿ ನನ್ನನ್ನು ನೋಡಿದಳು,
ಏನೂ ಕೇಳಲಿಲ್ಲ.
ಹೆಸರು ಬರೆದುಕೊಂಡಳು, ದುಡ್ಡು ಬರೆದುಕೊಂಡಳು.
ಮನೆ ನಂಬರಿನ ಜಾಗ ಖಾಲಿ ಬಿಟ್ಟಳು,
ಪೆನ್ನು ಅಲ್ಲೇ ಸ್ವಲ್ಪ ಹೊತ್ತು ಊರಿದ್ದಕ್ಕೆ
ಒಂದು ಶಾಯಿಯ ಚುಕ್ಕೆ.