ಜವಾರಿ

ಕ್ಯಾಂಪಿನ ಓಣ್ಯಾಗ ಇನಾಸ ಮಾಮಾನ ಪಡಸಾಲಿ.
ಮೂರು ಗಿಟಾರು ಮಂಚದ ಮ್ಯಾಲ ಅಂಗಾತ.
ಒಂದು ಹಿತ್ತಾಳಿದು, ಲಗ್ನದ ಬ್ಯಾಂಡಿನಂಗ ಹೊಳಿಯೂದು.
ಒಂದರ ಹೊಟ್ಟ್ಯಾಗ ಗೆದ್ದಲ ಹಿಡದ ವಾಸನಿ.
ಮೂರನೇದರ ಕುತ್ತಿಗಿ ನಾಕ ಮೂಲಿ, ಬಾಗಲ ಚೌಕಟ್ಟಿನಂಗ.

ಸಂತ್ಯಾಗ ಗಡಿಗಿ ಬಡದ ನೋಡಿದಂಗ
ಬೆರಳ ಮಡಚಿ ಮೂರನ್ನೂ ಬಡದ್ನಿ.
ಹಿತ್ತಾಳಿದು ಜೋರ ಮಾತಾಡಿತು, ಮುಗಿಸೇ ಬಿಟ್ಟಿತು.
ಚೌಕ ಕುತ್ತಿಗೀದು ಒಂದ ಗಳಿಗಿ ಸುಮ್ಮನಿತ್ತು,
ಆಮ್ಯಾಲ ಒಳಗಿಂದ ಯಾರೋ ಹೂಂ ಅಂದಂಗ.

"ಇದನ್ನ ತಂತಿ ಒತ್ತಿ ನುಡಸಾಕ ಬರಂಗಿಲ್ಲ, ಸುಗಂಧಾ.
ತೊಡಿ ಮ್ಯಾಲ ಇಟಗೊಂಡು ಮ್ಯಾಲಿಂದ ಜಾರಬೇಕು, ಅಷ್ಟ."
ನನ್ನ ಎಡಗೈ ಕಡೆ ನೋಡದನ ಅಂದ ಮಾಮಾ.
ಎರಡು ಬೆರಳಿಗಿ ಕಂಪನಿ ಕೊಟ್ಟ ರೊಕ್ಕ
ಚೀಲದಾಗ ಇನ್ನೂ ಬ್ಯಾಂಕಿನ ರಬ್ಬರ ಹಾಕ್ಕೊಂಡ ಕುಂತಿತ್ತು.
ಎಣಿಸಿ ಕೊಟ್ನಿ. ಅವ ಎಣಸಲಿಲ್ಲ.

ಮನಿಗಿ ತಂದು ಎಂಟೂ ಸ್ಕ್ರೂ ಬಿಚ್ಚಿದ್ನಿ.
ಮುಚ್ಚಳ ಅಂದ್ರ ಸಾಣಿಗಿ, ಹಿಟ್ಟ ಸೋಸೂವಂಥಾದ್ದು.
ಕೆಳಗ ಅಲ್ಯೂಮಿನಿಯಂ ಬಟ್ಟಲ, ಹಪ್ಪಳದಷ್ಟ ತೆಳ್ಳಗ,
ಹೆಬ್ಬಟ್ಟ ಇಟ್ಟರ ತೆಗ್ಗ ಬೀಳತೈತಿ.
ಹನ್ನೊಂದ ವರ್ಷ ಉದ್ಯಮಬಾಗದಾಗ ತಗಡ ಒತ್ತಿದಾಕಿ ನಾನು,
ತಗಡಿಗಿ ಇಷ್ಟ ಅಂಜಿದ್ದು ಇದ ಮೊದಲು.

ಬಟ್ಟಲದ ನೆತ್ತಿ ಮ್ಯಾಲ ದುಂಡನ ಕಟಗಿ. ಬಿಸ್ಕೀಟ ಅಂತಾರಂತ ಅದಕ್ಕ.
ಚಾದಾಗ ಅದ್ದೂದೇನ ಅಂತ ತಂಗಿ ಕೌಸಲ್ಯಾ ನಕ್ಕಳು.
ಹಳೇದು ಸೀಳಿತ್ತು, ಶೀಸಂ ತುಂಡಿನಾಗ ಹೊಸಾದ ತಿಕ್ಕಿದ್ನಿ.
ತಂತಿ ಎತ್ತಾಕ ಎಮ್ಮಿ ಕೋಡಿನ ಪಟ್ಟಿ, ಕಿರುಬೆರಳ ದಪ್ಪ.
ಅಳತಿಗಿ ಬಲಗೈದ ಬೆರಳ ಇಟ್ನಿ.
ಸ್ಕ್ರೂ ಎದುರಾಬದುರ ಬಿಗದ್ನಿ, ಸಲಕ್ಕ ಅರ್ಧ ಸುತ್ತು.

ಜಾರೂ ಉಕ್ಕು ಕೊಟ್ಟಾವ ಟೂಲರೂಮಿನ ಭರಮಣ್ಣ:
ಪ್ರೆಸ್ಸಿನ ಹಳೇ ಗೈಡ್ ಪಿನ್ನು, ತುದಿ ದುಂಡಗ ಮಾಡಿ.
ಯಾವ ಪ್ರೆಸ್ಸು ಅಂತ ನಾ ಕೇಳಲಿಲ್ಲ.
ಹೇಳಾಕ ಬಾಯಿ ತೆರದಾವ ಅಡಕಿ ಹಾಕ್ಕೊಂಡ.

ಶ್ರುತಿ. ಭಜನಿ ಪೆಟಗೀದು, ಪಾಂಡ್ರಿ ಐದು.
ಸ ಗ ಪ, ಮತ್ತ ಸ ಗ ಪ.
ದಪ್ಪ ತಂತಿ ಹಟಮಾರಿ, ಹಗಲ ಏರಿಸಿದರ ರಾತ್ರಿ ಇಳಿತೈತಿ.
ಗಾ ಪೆಟಿಗ್ಯಾಗ ಇದ್ದಂಗ ಇಟ್ಟರ ಹುಳಿ;
ಕೂದಲೆಳಿ ಇಳಿಸಿದ್ನಿ,
ಆರೂ ತಂತಿ ಒಂದ ಚಾದರ ಹೊಚಗೊಂಡ್ವು.

ಆಮ್ಯಾಲ ಆ ಸದ್ದು.
ಪಿನ್ನ ಸರಿಸಿದಾಗೊಮ್ಮಿ ಹಿಂದಿಂದ ಒಂದು ಗುಂಯ್,
ಖಾಲಿ ಬಾಟಲಿ ಬಾಯಾಗ ಗಾಳಿ ಹೊಕ್ಕಂಗ.
ಸ್ಕ್ರೂ ನೋಡಿದ್ನಿ. ಬಿಸ್ಕೀಟ ತಗದ ಹಾಕಿದ್ನಿ.
ಬಟ್ಟಲದ ಅಂಚಿನಾಗ ಒಂದ ಜ್ವಾಳದ ಕಾಳ ಸಿಕ್ತು. ಇದ ಕಳ್ಳ ಅಂದ್ನಿ.
ಕಾಳ ಹೊರಗ ಬಂತು. ಸದ್ದ ಬರಲಿಲ್ಲ.

ಒಂಬತ್ತ ದಿನ. ಹತ್ತನೇ ದಿನ ಮಾಮಾ ಬಂದ,
ಕೋಲ ಗ್ವಾಡಿಗಿ ಆನಿಸಿ, ತನ್ನ ತೊಡಿ ಮ್ಯಾಲ ಇಟಗೊಂಡು ನುಡಿಸಿದ.
ನೀರ ಹರದಂಗ. ಗುಂಯ್ ಇಲ್ಲ.
ಅವನ ಎಡಗೈ ನೋಡಿದ್ನಿ:
ಮೂರು ಬೆರಳ ಪಿನ್ನ ಹಿಡದಿದ್ವು. ಉಳದೆರಡು
ಹಿಂದ, ತಂತಿ ಮ್ಯಾಲ, ಹಗೂರಕ ಮಲಗಿ
ಬಿಟ್ಟ ದನಿ ನುಂಗಕೋತ ಹೊಂಟಿದ್ವು.

ಗಿಟಾರ ಕೆಟ್ಟಿರಲಿಲ್ಲ.

ಪಿನ್ನಿನ ಬಾಲಕ್ಕ ಅರಿವಿ ಪಟ್ಟಿ ಕಟ್ಟೂ ಉಪಾಯ ಹೇಳಿಕೊಟ್ಟ.
ಕಟ್ಟಿದ್ನಿ. ಚೊಲೋ ಕೇಳಿಸ್ತು, ಬ್ಯಾರೇಯವರ ಕೈ ಇದ್ದಂಗ.
ಭಜನಿ ಮನಿ ತಂಬೂರಿ ದುರಸ್ತಿಗಿ ಮಿರಜಿಂದ ಬಂದಿದ್ದ
ದಸ್ತಗೀರ ಚಾಚಾ ಪಟ್ಟಿ ಇಲ್ಲದ ದನೀನೂ ಕೇಳಿದ.
"ಇಂಥಾ ಗುಂಯ್ ತರಾಕ ನಾವು ತಂತಿ ಕೆಳಗ ದಾರ ಇಡತೀವಿ.
ಜವಾರಿ ಅಂತೀವಿ."
ನಂಗ ಜವಾರಿ ಅಂದ್ರ ಸಣ್ಣ ಬೆಳ್ಳೊಳ್ಳಿ, ಸೊಟ್ಟ ಬದನಿಕಾಯಿ,
ಸುಲಿಯೂದ ತ್ರಾಸು, ಒಗ್ಗರಣಿ ಹಾಕಿದರ ನಾಕ ಮನಿಗಿ ವಾಸನಿ.

ರಾತ್ರಿ ಪಟ್ಟಿ ಬಿಚ್ಚಿದ್ನಿ. ಸ ಗ ಪ.
ಕೌಸಲ್ಯಾ ಒಳಗಿಂದ ಒದರಿದಳು:
"ಅಕ್ಕಾ, ಮತ್ತ ಬಂತ ನೋಡ ಆ ಸದ್ದು!"

ಬಂತು ಅಂದ್ನಿ.