ಮಂಗಳವಾರದೊಳಗೆ

ನಮ್ಮೂರ ಹೆಸರು ವೂಚ್. ಹಾಗೆಂದರೆ ದೋಣಿ.
ಹೊಳೆಗಳನ್ನೆಲ್ಲ ಗಿರಣಿಯ ಕಾಲದವರು
ಕೊಳವೆಗೆ ತುರುಕಿ ನೆಲದಡಿ ಹೂತುಬಿಟ್ಟರು.
ನೀರು ನೋಡಬೇಕೆಂದರೆ ಈಗ
ನಾನು ಪರದೆ ಹಚ್ಚಬೇಕು.

ಈ ವಾರದ ಆಟದಲ್ಲಿ ನಾನೊಬ್ಬಳು ಅಂಬಿಗಿತ್ತಿ.
ಮುಳುಗಿದ ಪಟ್ಟಣದ ಕಿಟಕಿ ಕಿಟಕಿಗೂ
ಸತ್ತವರ ಕಾಗದ ಮುಟ್ಟಿಸುವುದು ಕೆಲಸ.
ಮುಗಿಸಲು ಅರವತ್ತು ಗಂಟೆ, ಅಂದಿದ್ದಾರೆ ಮಾಡಿದವರು.
ನನ್ನ ಹತ್ತಿರ ಇರುವುದು ನಾಲ್ಕು ರಾತ್ರಿ,
ಊದಿದ ಹೆಬ್ಬೆರಳು,
ಅರ್ಧ ರೈ ರೊಟ್ಟಿ,
ಮಂಗಳವಾರ ಮೂರಕ್ಕೆ ವಿಮರ್ಶೆ ಕೇಳುವ
ಸಂಪಾದಕ ಗೆರ್ವಾಜಿ.

‘ಅನ್ನ ಬೆಂದಿದೆಯೋ ನೋಡಲು
ಅಗುಳೊಂದು ಸಾಕಲ್ಲ,’ ಅನ್ನುತ್ತಾನೆ.
ಸಾಕು, ಅನ್ನವಾದರೆ.
ಬಾವಿಯಾದರೆ?
ಮೇಲಿನ ಕೊಡ ಸಿಹಿ, ತಳದ ಕೊಡ ರಾಡಿ,
ಎರಡೂ ಒಂದೇ ಹಗ್ಗ ಹಿಡಿದು ಬಂದವು.

ಮೂವತ್ತೊಂದನೆಯ ಗಂಟೆ.
ಅದೇ ಸೇತುವೆ, ಅದೇ ಸುಳಿ,
ಹನ್ನೆರಡನೆಯ ಸಲ ದೋಣಿ ಮಗುಚಿತು.
ನಾನು ಬೈದದ್ದು ಮೇಲಿನ ಮನೆಗೆ ಕೇಳಿರಬೇಕು,
ಮುದುಕಿ ಗೆನೊವೇಫಾ ಪೊರಕೆಹಿಡಿಯಿಂದ
ನನ್ನ ಸೂರು ಕುಟ್ಟಿದಳು.

ದಡ ಕಾಣದವಳಿಗೆ ಹೊಳೆಯ ಉಸಾಬರಿ ಯಾಕೆ,
ಎಂದು ಕೇಳುವವರಿದ್ದಾರೆ.
ಮುಳುಗಿದವನೂ ಹೊಳೆ ಕಂಡವನೇ ಸ್ವಾಮಿ,
ಈಜಿದವನಿಗಿಂತ ತುಸು ಹತ್ತಿರದಿಂದ.
ಕೊಂಡವರಲ್ಲಿ ಎಷ್ಟೋ ಮಂದಿ
ಈ ಸೇತುವೆಯಡಿಯೇ ಹುಟ್ಟು ಕೆಳಗಿಡುತ್ತಾರೆ.
ಅವರ ಪರವಾಗಿ ಯಾರು ಬರೆಯಬೇಕು?
ಗೆದ್ದವರಿಗೆ ಸುಸ್ತು ನೆನಪಿರುವುದಿಲ್ಲ.

ಬರೆದೆ. ಬಚ್ಚಿಡದೆ, ಮೊದಲ ಸಾಲಿನಲ್ಲೇ:
‘ನಾನಿದನ್ನು ಮುಗಿಸಿಲ್ಲ.’
ಕೊನೆಯಲ್ಲಿ, ಹತ್ತಕ್ಕೆ ಆರು.
ನಮ್ಮ ಶಾಲೆಗಳಲ್ಲಿ ಆರು ಎಂದರೆ ಎಲ್ಲರಿಗಿಂತ ಮೇಲು.
ಇಲ್ಲಿ ಆರು ಎಂದರೆ
ಕ್ಷಮಿಸಿ.

ಗುರುವಾರ ವ್ರೊತ್ಸ್ವಾಫ್‌ನಿಂದ ಒಂದು ಓಲೆ,
ಜೆಮೊವಿತ್ ಎಂಬುವನದು. ಬೈಗುಳವಿರಲಿಲ್ಲ.
‘ಕಡೆಯ ಕೋಣೆಯೊಂದನ್ನೇ ನಾನು ಮಾಡಿದ್ದು.
ಮೂರು ವರ್ಷ.
ನನ್ನ ಹೆಂಡತಿಯೂ ಅಲ್ಲಿಯ ತನಕ ಹೋಗಿಲ್ಲ.’
ಅಷ್ಟೇ.

ಯಾರೂ ಕಾಸು ಕೊಡದ ರಾತ್ರಿಗಳಲ್ಲಿ,
ಕೊನೆಯ ಟ್ರಾಮ್ ಡಿಪೊ ಸೇರಿದ ಮೇಲೆ,
ಮತ್ತೆ ಹುಟ್ಟು ಹಿಡಿದೆ.
ಸೇತುವೆ ದಾಟಿದ್ದು ಹೇಗೋ ಹೇಳಲಾರೆ,
ಬೆರಳಿಗೆ ಗೊತ್ತಾಯಿತು, ನನಗಲ್ಲ.
ಐವತ್ತೆಂಟನೆಯ ಗಂಟೆಗೆ ಒಂದು ಬಾಗಿಲು.

ಅಡುಗೆಮನೆ. ಒಲೆಯ ಮೇಲೆ ಕೆಟಲು.
ಚೀಲದಲ್ಲಿ ಕಾಗದ ಒಂದೂ ಉಳಿದಿಲ್ಲ.
ಒಂದು ಕುರ್ಚಿ, ಕೂರಬಹುದು.
ಕೂತೆ.
ಏನೂ ಆಗಲಿಲ್ಲ.
ಕೆಟಲು ಗುಸುಗುಸು ಅನ್ನುತ್ತಿತ್ತು,
ಕಿಟಕಿಯಾಚೆ ನೀರು
ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು.
ಎಷ್ಟು ಹೊತ್ತು ಕೂತಿದ್ದೆನೋ,
ನಿಜದ ಚಹಾ ಪಕ್ಕದಲ್ಲಿ ಆರಿಹೋಗಿತ್ತು.

ಅಂಕ ಈಗಲೂ ಆರೇ, ಅದು ಬದಲಾಗಲಿಲ್ಲ.
ಆದರೆ ಸೇತುವೆಯ ಬಗ್ಗೆ ಬರೆಯುವಾಗ ಬಳಸಿದ
‘ಸುಮ್ಮಸುಮ್ಮನೆ’ ಎಂಬ ಮಾತೊಂದು
ವಾಪಸು ಸಿಕ್ಕರೆ ಸಾಕೆನಿಸಿತು.

ಅವನಿಗೆ ಬರೆದೆ: ‘ಹೋಗಿ ಕೂತು ಬಂದೆ.
ಕುರ್ಚಿಯ ಹಿಂಗಾಲೊಂದು
ಗೋಡೆಯೊಳಕ್ಕೆ ಹೊಕ್ಕಿದೆ.’

ಮರುದಿನವೇ ಉತ್ತರ:
‘ಗೊತ್ತು.
ಸರಿಮಾಡುವಷ್ಟರಲ್ಲಿ
ಮಂಗಳವಾರ ಬಂದುಬಿಟ್ಟಿತು.’